ಕಲ್ಮಷದ ಗತಿ

ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆಗೆಂದು ಚಿಪ್ಪಗಿರಿಗೆ ಹೋಗಿದ್ದಾಗ, ಒದ್ದೆಸೀರೆಯುಟ್ಟ ವೃದ್ಧೆಯೊಬ್ಬರು ತಾಮ್ರದ ಬಿಂದಿಗೆಯ ಬಾಯಿಗೆ ಪಂಚೆಯ ತುಂಡೊಂದನ್ನು ಎರಡು ಮಡಿಕೆ ಮಾಡಿ ಕಟ್ಟಿ, ಮಡಿನೀರನ್ನು ಸಣ್ಣ ಧಾರೆಯಾಗಿ ಸೋಸುತ್ತಿದ್ದುದನ್ನು ಕಂಡೆನು. ಬಿಂದಿಗೆ ತುಂಬಿತು, ಬಟ್ಟೆಯ ನಡುವೆ ಉಗುರಿನಷ್ಟು ಕೆಂಪು ಕೆಸರು ಉಳಿಯಿತು. ಆಕೆ ಬಟ್ಟೆಯನ್ನು ಒಮ್ಮೆ ಜಾಡಿಸಿ ನಡೆದರು; ನನ್ನ ಮನಸ್ಸು ಮಾತ್ರ ಆ ಕೆಸರಿನಲ್ಲಿಯೇ ಸಿಕ್ಕಿಕೊಂಡಿತು. ಶುದ್ಧಿಯೆಂಬುದು ಕಲ್ಮಷದ ನಾಶವೋ, ಅದರ ಸ್ಥಾನಾಂತರ ಮಾತ್ರವೋ?

ಹಿಂದಿನವರು ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯುತ್ತಿದ್ದರು. ಸಂಸ್ಕೃತದ ಕತಕವೆಂಬುದು ಇದೇ. ಅದರ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯು ಎಚ್ಚರಿಸುತ್ತದೆ. ಜ್ಞಾನವು ಅಜ್ಞಾನವನ್ನು ಕಳೆದು, ಕತಕದ ಪುಡಿಯಂತೆ ತಾನೂ ಇಲ್ಲವಾಗುವುದೆಂದು ಅದ್ವೈತದ ಆತ್ಮಬೋಧವು ಹೇಳುತ್ತದೆ. ದೃಷ್ಟಾಂತವು ಮನೋಹರವಾದುದೇ. ಆದರೂ ಕೊಡ ತೊಳೆದವರು ಬಲ್ಲರು, ಆ ಪುಡಿ ಎಲ್ಲಿಯೂ ಹೋಗುವುದಿಲ್ಲ. ಮಣ್ಣನ್ನು ಅಪ್ಪಿಕೊಂಡು ತಳದಲ್ಲಿ ಕುಳಿತಿರುತ್ತದೆ. 1755ರಲ್ಲಿ ಇದೇ ಊರಿನಲ್ಲಿ ದೇಹವಿಟ್ಟ ವಿಜಯದಾಸರು ಜಗತ್ತು ಸತ್ಯವೆನ್ನುವ ಮಧ್ವಮತದವರು. ಜಗತ್ತು ಸತ್ಯವಾದ ಮೇಲೆ ಅದರ ಕೆಸರೂ ಸತ್ಯವೇ ಆಗಬೇಕಷ್ಟೆ.

ಈ ಒಣಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಕಲ್ಲಿನಿಂದ ಕರಗಿಬಂದ ಫ್ಲೋರೈಡು ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಗೂ ಸಿಗದು, ಚಿಲ್ಲದ ಬೀಜಕ್ಕೂ ಸಿಗದು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡಿನ ನೀರನ್ನು ಬಾಲ್ಯದಿಂದ ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟಬಹುದು. ಪ್ರಮಾಣವು ಇನ್ನೂ ಹೆಚ್ಚಿದರೆ ಬೆನ್ನೇ ಬಾಗುತ್ತದೆ. ಆಗಿನ ಮದ್ರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಈ ವ್ಯಾಧಿಯನ್ನು ವೈದ್ಯರು 1937ರಲ್ಲಿಯೇ ವರ್ಣಿಸಿದ್ದರು. ಕಣ್ಣಿಗೆ ತಿಳಿಯಾದುದೆಲ್ಲ ಶುದ್ಧವಲ್ಲವೆಂಬುದನ್ನು ನಮ್ಮ ನೆಲವು ಎಲುಬಿನ ಮೇಲೆಯೇ ಬರೆದು ತೋರಿಸಿದೆ.

ನೀರಿನ ಶುದ್ಧಿಗೆ ವಿಜ್ಞಾನಿಗಳು ಹಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಟೈಟಾನಿಯಂ ಡೈಆಕ್ಸೈಡಿನಂಥ ವೇಗವರ್ಧಕವು ನೇರಳಾತೀತ ಬೆಳಕಿನಲ್ಲಿ ಬಣ್ಣ, ಕೀಟನಾಶಕ ಮೊದಲಾದ ಸಾವಯವ ಕಲ್ಮಷಗಳನ್ನು ಒಡೆದುಹಾಕುತ್ತದೆ, ತಾನು ವ್ಯಯವಾಗುವುದಿಲ್ಲ. ಇದನ್ನು ನಾಶವೆಂದು ಕರೆಯಬಹುದು. ಫ್ಲೋರೀನಾದರೋ ಮೂಲವಸ್ತು, ಒಡೆಯಲು ಬಾರದು. ಸಕ್ರಿಯಗೊಳಿಸಿದ ಅಲ್ಯುಮಿನಾದ ಹರಳುಗಳು ಅದನ್ನು ಮೈಗೆ ಅಂಟಿಸಿಕೊಳ್ಳುತ್ತವೆ. ಮೈ ತುಂಬಿದ ಮೇಲೆ ಕ್ಷಾರದಿಂದ ತೊಳೆಯಬೇಕು, ತೊಳೆದ ನೀರಿನಲ್ಲಿ ಫ್ಲೋರೈಡು ಮತ್ತೆ ಪ್ರತ್ಯಕ್ಷವಾಗುತ್ತದೆ. ಆರ್.ಒ. ಘಟಕದ ಪೊರೆಯು ಒಂದು ಕೊಳವೆಯಿಂದ ಸಿಹಿನೀರನ್ನು ಕೊಟ್ಟು, ಇನ್ನೊಂದರಿಂದ ಉಳಿದ ಲವಣವನ್ನೆಲ್ಲ ಸಾಂದ್ರವಾಗಿ ಹೊರಗೆ ಬಿಡುತ್ತದೆ. ನಾನು ಕಂಡ ಘಟಕವೊಂದರ ಹಿಂದೆ ಆ ಎರಡನೆಯ ಕೊಳವೆಯು ಬಯಲಿಗೆ ಹರಿದಿತ್ತು. ನೆಲವು ಅದನ್ನು ಕುಡಿಯುತ್ತಿತ್ತು, ನಾಳೆ ಅದೇ ನೆಲದ ನೀರನ್ನೇ ನಾವು ಮತ್ತೆ ಎತ್ತಬೇಕು.

ಚಿಪ್ಪಗಿರಿಯ ಬೆಟ್ಟದ ಮೇಲೆ ಹಳೆಯ ಜೈನ ಬಸದಿಯಿದೆ. ಜೈನರು ನೀರನ್ನು ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳು ಸಾಯದಿರಲೆಂದು ಅದನ್ನು ತೊಳೆದು, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಮರಳಿಸುತ್ತಿದ್ದರು. ತಮಗೆ ಬೇಡವಾದುದರ ಗತಿಯೇನೆಂದು ವಿಚಾರಿಸದೆ ಅವರು ಗುಟುಕು ನೀರನ್ನೂ ಕುಡಿದವರಲ್ಲ. ಅವರು ಬಾವಿಗೆ ಮರಳಿಸಿದುದು ಜೀವವನ್ನು, ನಾವು ಮರಳಿಸುತ್ತಿರುವುದು ವಿಷವನ್ನು. ಊರಿಗೆ ಘಟಕ ತರಿಸುವ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟೆ: ನಲ್ಲಿಯನ್ನು ಎಲ್ಲಿಡುವುದೆಂದು ನಿಶ್ಚಯಿಸುವ ಮೊದಲು, ಆ ಹಿಂದಿನ ಕೊಳವೆಯ ನೀರು ನೆಲಕ್ಕೆ ಇಂಗದಂತೆ ತಳಗಟ್ಟಿದ ಹೊಂಡವೊಂದನ್ನು ತೋಡಿಸಿರಿ.