ಹೊಲದಲ್ಲಿ ಸಿಕ್ಕ ಕತ್ತಿ

ಹಳೆಯ ಆಯುಧ ಕೂಡಿಡುವವರು ಆಸೆಪಟ್ಟು ಹುಡುಕುವ ಕತ್ತಿಯೊಂದಿದೆ. ಬ್ರಿಟಿಷರ ಹಗುರ ಕುದುರೆಪಡೆಗೆಂದು ಲೆ ಮಾರ್ಶಾಂ ಎಂಬ ಅಧಿಕಾರಿ ರೂಪಿಸಿದ 1796ರ ಮಾದರಿ ಅದು. ಬಾಗಿದ ಅಲಗು, ತುದಿಯತ್ತ ಅಗಲ. ಚುಚ್ಚುವುದಕ್ಕಿಂತ ಕಡಿಯುವುದಕ್ಕೇ ಮಾಡಿದ್ದು. ಹಲವು ಕತ್ತಿಗಳ ಹಿಡಿಯ ಮೇಲೆ ಪಡೆಯ ಗುರುತು, ತುಕಡಿಯ ಅಕ್ಷರ, ಒಂದು ನಂಬರು ಇರುತ್ತವೆ. ಹಿಡಿದ ಸಿಪಾಯಿಯ ಹೆಸರು ಇರುವುದಿಲ್ಲ. ಸಾಮಾನು ಸರಕಾರದ್ದು, ಆಳು ಸತ್ತರೆ ಇನ್ನೊಬ್ಬನ ಕೈಗೆ ಹೋಗಬೇಕಲ್ಲ!

ಪ್ರಷ್ಯನ್ನರೂ 1811ರಲ್ಲಿ ಇದನ್ನೇ ಅನುಸರಿಸಿ ತಮ್ಮ ಕತ್ತಿ ಮಾಡಿಸಿದರು. 1815ರ ಜೂನ್ 18ರಂದು ಬೆಲ್ಜಿಯಮ್ಮಿನ ವಾಟರ್ಲೂ ಹೊಲಗಳಲ್ಲಿ ಈ ಎರಡೂ ಪಡೆಗಳು ನೆಪೋಲಿಯನ್ನನ ವಿರುದ್ಧ ಕಾದಿದವು. ಒಂದೇ ದಿನದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಬದುಕಿದವರೂ ಸುತ್ತಲಿನ ಹಳ್ಳಿಯವರೂ ಹೆಣಗಳ ಬಟ್ಟೆ, ಬೂಟು, ಹಣ ಬಿಚ್ಚಿಕೊಂಡರು. ಹಲ್ಲುಗಳನ್ನೂ ಕಿತ್ತರು, ಸಿರಿವಂತರ ಕಟ್ಟಿಸಿದ ಹಲ್ಲಿಗೆ ಅವು ಬೇಕಿದ್ದವು. ಕತ್ತಿ, ಎದೆಕವಚಗಳು ನೆನಪಿನ ಕಾಣಿಕೆಗಳಾಗಿ ಮಾರಾಟವಾದವು. ಎರಡು ತಿಂಗಳೊಳಗೆ ನೋಡಲು ಬಂದ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಕೂಡ ಕೊಂಡವರೇ.

ಹೆಣಗಳೇನಾದವು? ದೊಡ್ಡ ಗುಂಡಿಗಳಲ್ಲಿ ಹೂತರೆಂದು ಕಂಡವರು ಬರೆದಿದ್ದಾರೆ. ಆದರೆ ಈಗ ಅಗೆದರೆ ಪೂರ್ಣ ಅಸ್ಥಿಪಂಜರಗಳು ಸಿಗುವುದು ಬೆರಳೆಣಿಕೆಯಷ್ಟು. 2022ರಲ್ಲಿ ಇತಿಹಾಸಕಾರರು ಮುಂದಿಟ್ಟ ವಿವರಣೆ ಎದೆ ನಡುಗಿಸುವಂಥದ್ದು. 1830ರ ದಶಕದಿಂದ ಅಲ್ಲಿ ಬೀಟ್ ಸಕ್ಕರೆ ಕಾರ್ಖಾನೆಗಳು ಬೆಳೆದವು. ಸಕ್ಕರೆ ಪಾಕವನ್ನು ಬಿಳಿಮಾಡಲು ಎಲುಬಿನ ಇದ್ದಿಲು ಬೇಕು. ಗುಂಡಿಗಳನ್ನು ತೋಡಿ ಎಲುಬು ಮಾರಿರಬೇಕೆನ್ನುತ್ತಾರೆ ಅವರು. ಕತ್ತಿ ಎಣ್ಣೆ ಸವರಿಸಿಕೊಂಡು ಗೋಡೆಯೇರಿತು. ಹಿಡಿದವನು ಯಾರದೋ ಚಹಾದ ಸಕ್ಕರೆಗೆ ಬಿಳುಪು ಕೊಟ್ಟ.

ಸತ್ತವನ ಕೈಯಿಂದ ಬಿದ್ದದ್ದನ್ನು ಎತ್ತಿಕೊಂಡವನು ಅದರ ಒಡೆಯನೇ? ಉರ್ದುವಿನಲ್ಲಿ ಯುದ್ಧದ ಸೊತ್ತಿಗೆ ಮಾಲೆ ಗನೀಮತ್ ಎನ್ನುತ್ತೇವೆ. ದಿನದ ಮಾತಿನಲ್ಲಿ ಅದೇ 'ಗನೀಮತ್' ಎಂದರೆ 'ಇಷ್ಟಾದರೂ ಸಿಕ್ಕಿತಲ್ಲ' ಎಂಬ ಸಮಾಧಾನ. ಇಂಗ್ಲಿಷರ ಬಳಿ ಇದ್ದ ಪದಗಳು ಸಾಲದೆ ನಮ್ಮ 'ಲೂಟಿ'ಯನ್ನೂ ಒಯ್ದರು.

ಪದದ ಜೊತೆ ವಸ್ತುಗಳೂ ಹೋದವು. ವಾಟರ್ಲೂ ಗೆದ್ದ ವೆಲಿಂಗ್ಟನ್ ಹದಿನಾರು ವರ್ಷ ಮೊದಲು ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಕೋಟೆ ಬಿತ್ತು. ಮರುದಿನ ಅಧಿಕಾರ ವಹಿಸಿಕೊಂಡ ಆತ ಸೂರೆಗೈಯುತ್ತಿದ್ದ ಕೆಲವರನ್ನು ನೇಣಿಗೇರಿಸಿದ. ಆಮೇಲೆ ಖಜಾನೆಯನ್ನು ದರ್ಜೆಗೆ ತಕ್ಕಂತೆ, ಲೆಕ್ಕ ಬರೆದು ಹಂಚಲಾಯಿತು. ಲೆಕ್ಕವಿಲ್ಲದ್ದು ಅಪರಾಧ, ಲೆಕ್ಕವಿದ್ದದ್ದು ಬಹುಮಾನ. ಈ ವ್ಯತ್ಯಾಸ ನಮ್ಮ ಬುದ್ಧಿಗೆ ಹತ್ತುವುದಿಲ್ಲ.

ಟಿಪ್ಪುವಿನ ಶಯನಾಗಾರದ ಕತ್ತಿ ಜನರಲ್ ಬೇರ್ಡ್‌ಗೆ ಕಾಣಿಕೆಯಾಯಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದಕ್ಕೆ ಬಂದದ್ದು 1.4 ಕೋಟಿ ಪೌಂಡು. ಅದು ರಣರಂಗದಲ್ಲಿ ಹೆಕ್ಕಿದ್ದಲ್ಲ ನಿಜ, ಆದರೆ ಪ್ರಶ್ನೆ ಅದೇ. ಆ ಮೊತ್ತ ಕೇಳಿ ನಮ್ಮವರಲ್ಲಿ ಹಲವರು ಬೀಗಿದರು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಕತ್ತಿ ಹಿಡಿದೇ ಮಾತಾಡುತ್ತಾರೆ. ಅದೇ ದಿನ ಕೋಟೆಯಲ್ಲಿ ಸತ್ತ ಸಾವಿರಾರು ಸಿಪಾಯಿಗಳನ್ನು ಯಾರೂ ತಮ್ಮವರೆನ್ನುವುದಿಲ್ಲ. ಎರಡೂ ಕಡೆ ಹಿಂದೂಸ್ತಾನದ ಮಕ್ಕಳೇ ಇದ್ದುದರಿಂದ ಲೆಕ್ಕ ತೊಡಕಾಗುತ್ತದೇನೋ.

ಕತ್ತಿಯನ್ನು ಮಣ್ಣಲ್ಲೇ ತುಕ್ಕು ಹಿಡಿಯಲು ಬಿಡಬೇಕಿತ್ತೆಂದು ನಾವು ಹೇಳುತ್ತಿಲ್ಲ. ಉಳಿಸಲಿ, ಮಕ್ಕಳಿಗೆ ತೋರಿಸಲಿ. ನಮ್ಮ ತಕರಾರು ಹೆಮ್ಮೆಯ ಬಗ್ಗೆ. ಅಲಗಿನ ಹೊಳಪು ನಮ್ಮದಾದರೆ ಅದು ತಾಗಿದ ಕುತ್ತಿಗೆ ಯಾರದು? ಕತ್ತಿಗೆ ಗೌರವ ಸಲ್ಲಿಸುವುದು ಸುಲಭ. ಅದಕ್ಕೆ ತಾಯಿಯಿಲ್ಲ, ಹಸಿವಿಲ್ಲ, ನಮ್ಮನ್ನು ತಿರುಗಿ ಏನೂ ಕೇಳುವುದಿಲ್ಲ.

2012ರಲ್ಲಿ ವಾಟರ್ಲೂವಿನಲ್ಲಿ ವಾಹನ ನಿಲ್ದಾಣಕ್ಕಾಗಿ ನೆಲ ಅಗೆಯುವಾಗ ಒಬ್ಬ ಸಿಪಾಯಿ ಸಿಕ್ಕ. ಪಕ್ಕೆಲುಬುಗಳ ನಡುವೆ ಬಂದೂಕಿನ ಗುಂಡು, ಬಳಿಯಲ್ಲಿ ಒಂದಿಷ್ಟು ನಾಣ್ಯ. ಮಣ್ಣು ಮಾಡಬೇಕೆಂದು ಕೆಲವರು ಕೇಳಿಕೊಂಡರು. ಆದರೆ 2015ರಲ್ಲಿ ತೆರೆದ ಮ್ಯೂಸಿಯಮ್ಮಿನಲ್ಲಿ ಅವನನ್ನೂ ಗಾಜಿನೊಳಗೆ ಮಲಗಿಸಿದರು, ಕತ್ತಿಗಳನ್ನು ಇಟ್ಟಂತೆಯೇ.