ಬೆನ್ನು ಯಾರದು?

ರೈತ ದೇಶದ ಬೆನ್ನೆಲುಬು ಎಂದು ಭಾಷಣಗಳಲ್ಲಿ ಕೇಳಿದಾಗಲೆಲ್ಲ ನನಗೆ ನಮ್ಮ ಅಜ್ಜೀಪುರದ ಹೆಂಗಸರ ಬೆನ್ನು ನೆನಪಾಗುತ್ತದೆ. ರಾಗಿ ಹೊಲದ ಕಳೆ, ಅರಿಶಿನದ ಕೊಯ್ಲು, ತಲೆ ಮೇಲೆ ಹುಲ್ಲಿನ ಹೊರೆ. ಐವತ್ತು ದಾಟಿದ ಮೇಲೆ ‘ಸೊಂಟ ಹಿಡ್ಕಂಡದ’ ಅನ್ನದವರು ಕಡಿಮೆ. ಅದನ್ನು ಕಾಯಿಲೆ ಎಂದು ಯಾರೂ ಎಣಿಸುವುದಿಲ್ಲ, ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ.

ಕೆಲವರ ನೋವಿಗೆ ಮಾತ್ರ ಆಸ್ಪತ್ರೆಯಲ್ಲಿ ಒಂದು ಹೆಸರು ಸಿಗುತ್ತದೆ: ಸ್ಪಾಂಡಿಲೋಲಿಸ್ಥೆಸಿಸ್. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಸವೆದು, ಹಿಂಬದಿಯ ಕೀಲುಗಳು ಸಡಿಲಗೊಂಡು, ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ಹೆಚ್ಚಾಗಿ ಇದು ಸೊಂಟದ 4 ಮತ್ತು 5ನೇ ಮಣಿಗಳ ನಡುವೆ ಆಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನರಗಳ ದಾರಿ ಇಕ್ಕಟ್ಟಾದಾಗ ಸ್ವಲ್ಪ ದೂರ ನಡೆದರೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಹಾಯೆನಿಸುತ್ತದೆ.

ನನ್ನ ದೊಡ್ಡಮ್ಮನಿಗೆ ಆದದ್ದು ಇದೇ. ಮಾತ್ರೆ, ವ್ಯಾಯಾಮ ಎಲ್ಲ ಮುಗಿದ ಮೇಲೆ ಹನೂರು, ಕೊಳ್ಳೇಗಾಲ ದಾಟಿ ದೊಡ್ಡ ಆಸ್ಪತ್ರೆಗೆ ಹೋದೆವು. ವೈದ್ಯರು ಸ್ಕ್ಯಾನ್ ಚಿತ್ರವನ್ನು ತೋರಿಸಿದ್ದು ಅವಳ ಮಗನಿಗೆ. ಅವನು ಕೇಳಿದ್ದು, ‘ಮೂಳೆ ಮತ್ತೆ ನೆಟ್ಟಗಾಗುತ್ತಾ?’ ಅವಳಿಗೆ ಕೇಳಬೇಕಿದ್ದದ್ದೇ ಬೇರೆ: ‘ತಾಳಬೆಟ್ಟದಿಂದ ನಡೆದು ಮಾದಪ್ಪನ ಬೆಟ್ಟ ಹತ್ತಬಹುದಾ?’ ಅದನ್ನು ಅವಳು ಕೇಳಿದ್ದು ವಾಪಸು ಬರುವಾಗ ಬಸ್ಸಿನಲ್ಲಿ, ನನ್ನ ಹತ್ತಿರ.

ಈ ಎರಡು ಪ್ರಶ್ನೆಗಳ ನಡುವಿನ ಅಂತರವೇ ನನ್ನನ್ನು ಕಾಡುತ್ತಿರುವುದು.

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನರವನ್ನು ಒತ್ತುತ್ತಿರುವ ಮೂಳೆ ಮತ್ತು ದಪ್ಪಗಾದ ತಂತುಗಳನ್ನು ತೆಗೆದು ಜಾಗ ಬಿಡಿಸುವುದು. ಇನ್ನೊಂದು, ಅದರ ಜೊತೆಗೆ ಸ್ಕ್ರೂ, ಸರಳು ಹಾಕಿ ಎರಡು ಮಣಿಗಳನ್ನು ಬೆಸೆಯುವುದು. ಯಾವುದು ಮೇಲು? 2016ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. 247 ಜನರ ಸ್ವೀಡನ್ ಅಧ್ಯಯನದಲ್ಲಿ ಬೆಸುಗೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. 66 ಜನರ ಅಮೆರಿಕದ ಅಧ್ಯಯನದಲ್ಲಿ ಸ್ವಲ್ಪ ಲಾಭ ಕಂಡಿತು. 2021ರಲ್ಲಿ ನಾರ್ವೆಯವರು 267 ಜನರನ್ನು ಎರಡು ವರ್ಷ ಗಮನಿಸಿದರು: ಬರೀ ಜಾಗ ಬಿಡಿಸಿದವರಲ್ಲಿ ನೂರಕ್ಕೆ ಸುಮಾರು 71, ಬೆಸೆದವರಲ್ಲಿ ಸುಮಾರು 73 ಮಂದಿಗೆ ಸಾಕಷ್ಟು ಗುಣ ಕಂಡಿತ್ತು.

ಅಂದರೆ ಮಣಿ ಜಾರಿದಲ್ಲೇ ಇದ್ದರೂ ಮನುಷ್ಯರು ನಡೆಯಬಲ್ಲರು. ನೆಟ್ಟಗಾಗುವುದೂ ನೆಮ್ಮದಿಯಾಗುವುದೂ ಒಂದೇ ಅಲ್ಲ. ಆದರೂ ನಮಗೆ ಚಿತ್ರದಲ್ಲಿ ಕಂಡ ಸೊಟ್ಟವನ್ನು ಸರಿಮಾಡದೆ ಬಿಟ್ಟರೆ ಚಿಕಿತ್ಸೆಯೇ ಅರ್ಧವಾದಂತೆ ಅನಿಸುತ್ತದೆ.

ಮೂತ್ರ, ಮಲದ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಯೋಚಿಸುತ್ತಾ ಕೂರುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಣಿ ತೀರಾ ಅಲುಗಾಡುತ್ತಿದ್ದರೆ ಬೆಸೆಯುವುದೇ ಸರಿಯಿರಬಹುದು. ಅದನ್ನು ಹೇಳಬೇಕಾದವರು ವೈದ್ಯರೇ. ಆದರೆ ಎರಡೂ ದಾರಿಗಳು ಸರಿಸುಮಾರು ಸಮ ಎಂದಾದಾಗ ಉಳಿಯುವ ಪ್ರಶ್ನೆ ವೈದ್ಯಕೀಯದ್ದಲ್ಲ, ಬದುಕಿನದು. ಬೆಸೆದ ಮೂಳೆ ಕೂಡಿಕೊಳ್ಳುವ ತಿಂಗಳುಗಳಲ್ಲಿ ಬಗ್ಗಿ ಭಾರ ಎತ್ತುವಂತಿಲ್ಲ. ಆಗ ಕೂಲಿ ಯಾರು ಕೊಡುತ್ತಾರೆ? ಹಸು ಯಾರು ನೋಡುತ್ತಾರೆ? ಬರೀ ಜಾಗ ಬಿಡಿಸಿಕೊಂಡು, ಮುಂದೆ ಇನ್ನೊಮ್ಮೆ ಮೇಜಿನ ಮೇಲೆ ಮಲಗಬೇಕಾದೀತು ಎಂಬ ಭಯದೊಂದಿಗೆ ಬದುಕಲು ಅವಳು ತಯಾರಿದ್ದಾಳೆಯೇ? ಇವಕ್ಕೆ ಉತ್ತರ ಯಾವ ಸ್ಕ್ಯಾನಿನಲ್ಲೂ ಇಲ್ಲ.

‘ಓದುಬರಹ ಬಾರದವರನ್ನು ಏನು ಕೇಳುವುದು? ನೀವೇ ನೋಡಿ ಮಾಡಿ ಎನ್ನುತ್ತಾರೆ’ ಎಂಬ ಮಾತಿದೆ. ನಿಜ, ದೊಡ್ಡಮ್ಮನೂ ಹಾಗೇ ಅನ್ನಬಹುದು. ನಂಬಿ ಒಪ್ಪಿಸುವುದೂ ಒಂದು ತೀರ್ಮಾನವೇ, ಅದಕ್ಕೂ ಗೌರವವಿದೆ. ಆದರೆ ಕೇಳಿದ ಮೇಲೆ ಒಪ್ಪಿಸುವುದಕ್ಕೂ, ಕೇಳದೆಯೇ ಒಪ್ಪಿಸಿದಳೆಂದು ನಾವು ತಿಳಿಯುವುದಕ್ಕೂ ವ್ಯತ್ಯಾಸವಿದೆ. ಮಗನ ಪ್ರೀತಿ ದೊಡ್ಡದು, ದುಡ್ಡು ಹೊಂದಿಸುವವನೂ ಅವನೇ. ಅಷ್ಟಕ್ಕೆ ಬೆನ್ನು ಅವನದಾಗುವುದಿಲ್ಲ.

ಒಪ್ಪಿಗೆ ಪತ್ರದ ಮೇಲೆ ಅವಳ ಹೆಬ್ಬೆಟ್ಟು ಒತ್ತಿಸುವ ಮೊದಲು ಒಂದು ಪ್ರಶ್ನೆ ಸಾಕು: ‘ಈ ಬೆನ್ನಿನಿಂದ ನಿನಗೆ ಇನ್ನು ಏನೇನು ಆಗಬೇಕಾಗಿದೆ?’ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಬಹುದು, ಅಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆಯಲ್ಲವೇ.