ಶಾಲೆಯ ಬಾಗಿಲಲ್ಲಿ ಆಡುವ ಸುಳ್ಳು

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ವಾರದಲ್ಲಿ ಅಂಗನವಾಡಿಯ ಬಾಗಿಲಲ್ಲಿಯೂ ಒಂದನೆಯ ತರಗತಿಯ ಜಗಲಿಯಲ್ಲಿಯೂ ಕೇಳಿಬರುವ ಅಳುವನ್ನು ಅರಿಯದವರು ಯಾರು? ತಾಯಿಯ ಸೆರಗನ್ನು ಬಿಡದ ಕೂಸಿಗೆ ಯಾರೋ ಒಬ್ಬರು, “ಅಗೋ, ಅಲ್ಲಿ ಕಾಗೆ ನೋಡು” ಎಂದು ತೋರಿಸುವರು. ಕೂಸು ಆ ಕಡೆಗೆ ತಿರುಗುವಷ್ಟರಲ್ಲಿ ತಾಯಿ ಹಿಂದಿನಿಂದ ಜಾರಿಕೊಳ್ಳುವಳು. ಇಲ್ಲವಾದರೆ, “ಇಲ್ಲೇ ಕೂತಿರು ಮಗಾ, ಈಗ ಬಂದೆ” ಎಂದು ಹೇಳಿ ಹೊಲಕ್ಕೆ ಹೋದವಳು ಸಂಜೆಗೆ ಬರುವಳು. ಇದನ್ನು ಯಾರೂ ದೋಷವೆಂದು ಎಣಿಸುವದಿಲ್ಲ. ಮಗುವಿನ ಹಿತಕ್ಕಾಗಿಯೇ ಅಲ್ಲವೇ ಅನ್ನುವರು. ಪ್ರಿಯ ವಾಚಕರೇ, ಈ ಚಿಕ್ಕ ವಂಚನೆಯು ನಿಜವಾಗಿ ಚಿಕ್ಕದೋ ಎಂಬದನ್ನು ಸ್ವಲ್ಪ ಆಲೋಚಿಸೋಣ.

ದೊಡ್ಡವನಿಗೆ ಸುಳ್ಳು ಹೇಳಿದರೆ ಅವನು ನಾಲ್ವರನ್ನು ವಿಚಾರಿಸಿ ನಿಜವನ್ನು ತಿಳಿದುಕೊಳ್ಳಬಲ್ಲನು. ನಾಲ್ಕು ವರುಷದ ಮಗುವಿಗೆ ಗಡಿಯಾರವನ್ನು ನೋಡಲು ಬಾರದು, ಮನೆಯ ದಾರಿಯೂ ತಿಳಿಯದು. ತಾಯಿಯ ಮಾತೊಂದೇ ಅದಕ್ಕೆ ಆಧಾರ. ಪರೀಕ್ಷಿಸಲಾರದೆ ನಂಬುವವರಿಗೆ ಆಡಿದ ಸುಳ್ಳು ಹೆಚ್ಚು ಭಾರವಾದದ್ದು. ಆ ದಿನ ಮಗುವು ಕಲಿತ ಪಾಠವೇನು? ಕಣ್ಣು ಅತ್ತ ಹೋದರೆ ಅಮ್ಮ ಇಲ್ಲವಾಗುವಳು ಎಂಬದೇ. ಆದಕಾರಣ ಮರುದಿನ ಅದು ಕಾಗೆಯನ್ನು ನೋಡುವದಿಲ್ಲ, ಸೆರಗನ್ನು ಇಮ್ಮಡಿ ಬಿಗಿಯಾಗಿ ಹಿಡಿಯುವದು. ತಾಯಿ ನೀರಿಗೆ ಹೊರಟರೂ ಅಳುತ್ತಾ ಹಿಂದೆ ಓಡುವದು.

“ನಾಲ್ಕು ದಿನ ಅತ್ತು ತಾನೇ ಸುಮ್ಮನಾಗುವದು” ಎಂದು ಹಿರಿಯರು ಹೇಳುವದುಂಟು. ಬಹುಮಂದಿ ಮಕ್ಕಳ ವಿಷಯದಲ್ಲಿ ಇದು ಸುಳ್ಳಲ್ಲ. ಆದರೆ ಸುಮ್ಮನಿರುವ ಮಗುವೆಲ್ಲಾ ಸಮಾಧಾನದಲ್ಲಿರುವದೆಂದು ತಿಳಿಯಬಾರದು. ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡುವದಕ್ಕೆ ತಂದೆತಾಯಿಗಳಿಗೆ ಬಹು ಸ್ವಲ್ಪವೇ ಅವಕಾಶವಿತ್ತು. ಅಳು ನಿಂತ ಮಗುವು ಒಗ್ಗಿಕೊಂಡಿತೆಂದು ದಾದಿಯರು ಭಾವಿಸುತ್ತಿದ್ದರು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಎರಡು ವರುಷ ದಾಟಿದ ಒಬ್ಬ ಹುಡುಗಿಯ ಎಂಟು ದಿನಗಳ ಆಸ್ಪತ್ರೆವಾಸವನ್ನು ಚಲಚ್ಚಿತ್ರವಾಗಿ ತೆಗೆದು ತೋರಿಸಿದರು. ಆ ಮಗು ಹೆಚ್ಚು ಗದ್ದಲ ಮಾಡಲಿಲ್ಲ. ಆದರೂ ಅದರ ಮುಖದಲ್ಲಿದ್ದ ಸಂಕಟವನ್ನು ನೋಡಿದವರು ಅಲ್ಲಗಳೆಯಲಾರದೆ ಹೋದರು. 1959ರಲ್ಲಿ ಅಲ್ಲಿಯ ಸರಕಾರದ ಸಮಿತಿಯೊಂದು ತಂದೆತಾಯಿಗಳಿಗೆ ಧಾರಾಳವಾಗಿ ಅವಕಾಶ ಕೊಡಬೇಕೆಂದು ಹೇಳಿತು. ಶಾಲೆಯು ಆಸ್ಪತ್ರೆಯಲ್ಲ, ಬಲ್ಲೆವು. ಅಗಲಿಕೆಯೂ ಕೆಲವು ತಾಸುಗಳದ್ದೇ. ಆದರೂ ಮೌನವನ್ನು ಮೌನವೆಂದೇ ತಿಳಿಯಬೇಕು, ಸುಖವೆಂದಲ್ಲ.

ಕೂಲಿಗೆ ಹೋಗುವ ತಾಯಿ ತಾಸುಗಟ್ಟಲೆ ಶಾಲೆಯಲ್ಲಿ ಕೂತಿರಲಾದೀತೇ? ಹೊತ್ತು ಮೀರಿದರೆ ಮೇಸ್ತ್ರಿಯು ಆ ದಿನದ ಕೂಲಿಯನ್ನೇ ಮುರಿಯುವನು. ಆದರೆ ಸುಳ್ಳಿಗೆ ಹಿಡಿಯುವಷ್ಟೇ ಹೊತ್ತು ನಿಜಕ್ಕೂ ಸಾಕು. ಬೀಳ್ಕೊಳ್ಳುವಾಗ ನಾವು “ಹೋಗುತ್ತೇನೆ” ಅನ್ನದೆ “ಹೋಗಿಬರುತ್ತೇನೆ” ಅನ್ನುವೆವಷ್ಟೆ. ಆ ಮಾತನ್ನು ಮಗುವಿನ ಮುಖ ನೋಡಿ ಹೇಳಿ, ಅದು ಅತ್ತರೂ ಹೊರಡಬೇಕು. ಸಂಜೆ ನಾಲ್ಕು ಗಂಟೆಯೆಂದರೆ ಅದಕ್ಕೆ ತಿಳಿಯದು. “ಊಟವಾಗಿ, ಆಟವಾಗಿ, ಬಿಡುವ ಗಂಟೆ ಹೊಡೆದಾಗ ಅಜ್ಜಿ ಬರುವಳು” ಅಂದರೆ ತಿಳಿಯುವದು. ತಾನು ಬರಲಾರದವಳು ತಾನೇ ಬರುವೆನೆಂದು ಹೇಳಬಾರದು. ಅಜ್ಜಿಯೆಂದು ಹೇಳಿದ ಮೇಲೆ ಅಜ್ಜಿಯೇ ಬರಬೇಕು. ಮೂರು ಸಾರಿ ಹಿಂತಿರುಗಿ ಬಂದು ಮುದ್ದಿಸಿ ಕಣ್ಣೊರಸಿಕೊಳ್ಳುವ ತಾಯಿಯೂ ಮಗುವಿನ ಭಯವನ್ನು ಬೆಳೆಸುವಳು. ಯಾಕಂದರೆ ಅಮ್ಮನೇ ಅಂಜುವ ಸ್ಥಳವು ಅಂಜತಕ್ಕದ್ದೇ ಎಂದು ಅದು ತಿಳಿಯುವದು.

ಹೊಸ್ತಿಲನ್ನು ತಗ್ಗಿಸುವದೂ ಸಾಧ್ಯ. 1945ರಲ್ಲಿ ತಾರಾಬಾಯಿ ಮೋಡಕರು ಈಗಿನ ಮಹಾರಾಷ್ಟ್ರದ ಬೋರ್ಡಿ ಎಂಬ ಊರಲ್ಲಿ ಹಳ್ಳಿಯ ಬಡಮಕ್ಕಳಿಗಾಗಿ ಕೆಲಸವನ್ನು ಆರಂಭಿಸಿದರು. ಮಕ್ಕಳು ಶಾಲೆಗೆ ಬಾರದಿರಲು ಶಾಲೆಯನ್ನೇ ಅವರ ಮನೆಯಂಗಳಕ್ಕೆ ಕೊಂಡುಹೋದರು. 1975ರ ಅಕ್ಟೋಬರ್ 2ರಂದು ಆರಂಭವಾದ ಸರಕಾರದ ಯೋಜನೆಯ ಕೇಂದ್ರಗಳು ಇಂದಿಗೂ ಅಂಗಳದ ಹೆಸರನ್ನು ಹೊತ್ತಿವೆ. ಅಂಗನವಾಡಿಯಿಂದ ಒಂದನೆಯ ತರಗತಿಗೆ ಹೋಗತಕ್ಕ ಮಗುವನ್ನು ಶಾಲೆ ತೆರೆಯುವ ಮುಂಚೆಯೇ ಒಂದು ಸಂಜೆ ಕರಕೊಂಡು ಹೋಗಿ, ಕೂರುವ ಕೋಣೆ, ನೀರಿನ ತೊಟ್ಟಿ, ಮೂತ್ರಕ್ಕೆ ಹೋಗುವ ಸ್ಥಳ ಇವುಗಳನ್ನು ತೋರಿಸಿದರೆ ಖರ್ಚೇನೂ ಇಲ್ಲ. ಉಪಾಧ್ಯಾಯರೂ ಆಟವನ್ನು ತಟ್ಟನೆ ನಿಲ್ಲಿಸದೆ, “ಇನ್ನೊಂದು ಹಾಡು, ಆಮೇಲೆ ಸ್ಲೇಟು” ಎಂದು ಮೊದಲೇ ತಿಳಿಸಬಹುದು.

ಇನ್ನೊಂದು ವಿಪರೀತವುಂಟು. ಮನೆಯಲ್ಲಿ ಮಗು ಹಟ ಮಾಡಿದರೆ, “ತಾಳು, ಮೇಷ್ಟ್ರ ಕೈಯಿಂದ ಹೊಡೆಸುತ್ತೇನೆ” ಎಂದು ವರುಷವಿಡೀ ಹೆದರಿಸುವೆವು. ಆಮೇಲೆ ಅದೇ ಮೇಷ್ಟ್ರ ಬಳಿ ಬಿಟ್ಟು, ಯಾಕೆ ಅಳುತ್ತೀ ಎಂದು ಕೇಳುವೆವು! 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಗುವನ್ನು ಹೊಡೆಯುವದನ್ನೂ ಮನಸ್ಸಿಗೆ ಹಿಂಸೆ ಕೊಡುವದನ್ನೂ ನಿಷೇಧಿಸಿದೆ. ಮನೆಯ ಬೆದರಿಕೆಯನ್ನು ಯಾವ ಕಾಯಿದೆ ತಡೆಯಬಲ್ಲದು?

ಶಾಲೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅನ್ನುವ ಮಗುವನ್ನು ಕಳ್ಳನೆಂದು ಗದರಿಸುವವರು ಅನೇಕರು. ಭಯದಿಂದ ಹೊಟ್ಟೆಯು ನಿಜವಾಗಿಯೇ ನೋಯುವದುಂಟು. ಮೊದಲು ವೈದ್ಯರಿಗೆ ತೋರಿಸಿರಿ. ರೋಗವಿಲ್ಲವೆಂದು ತಿಳಿದ ಮೇಲೆ, ರಾತ್ರಿ ಮಲಗುವ ಹೊತ್ತಿನಲ್ಲಿ, ಪಕ್ಕದಲ್ಲಿ ಯಾರು ಕೂರುತ್ತಾರೆ, ಊಟಕ್ಕೆ ಯಾರ ಸಂಗಡ ಹೋಗುತ್ತೀ, ಯಾರಾದರೂ ಹೊಡೆದರೋ ಎಂದು ಮೆಲ್ಲಗೆ ಕೇಳಿರಿ. ಉತ್ತರವು ಕೂಡಲೇ ಬಾರದೆ ಇರಬಹುದು. ನಾಳೆ ಇನ್ನೊಮ್ಮೆ ಕೇಳಿರಿ.